ಮಾರ್ಪಡುವುದೂ ಮಾರ್ಪಡದುದೂ

ಶಿವದಾರವು ಸವೆದರೆ ಭಕ್ತನು ಹೊಸದನ್ನು ಧರಿಸುವನು. ಇಷ್ಟಲಿಂಗವನ್ನು ಮಾತ್ರ ತ್ಯಜಿಸನು. ರಾಜ್ಯಾಂಗಕ್ಕೂ ಈ ವಿವೇಕವು ಅವಶ್ಯ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು 368ನೆಯ ವಿಧಿಯಲ್ಲಿ ತನ್ನ ತಿದ್ದುಪಡಿಗೆ ತಾನೇ ಮಾರ್ಗವನ್ನು ತೋರಿದೆ: ಸಂಸತ್ತಿನ ಉಭಯ ಸದನಗಳಲ್ಲಿಯೂ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತವಿತ್ತವರಲ್ಲಿ ಮೂರರಲ್ಲಿ ಎರಡು ಪಾಲಿನ ಸಮ್ಮತಿಯೂ ಬೇಕು.

ಆದರೆ ಬಹುಮತವೊಂದರಿಂದಲೇ ಸರ್ವವನ್ನೂ ಅಳಿಸಬಹುದೇ? ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಗಾಗಿ ಹೂಡಿದ ವ್ಯಾಜ್ಯದಲ್ಲಿ, 1973ರಲ್ಲಿ, ಸರ್ವೋಚ್ಚ ನ್ಯಾಯಾಲಯದ 13 ನ್ಯಾಯಾಧೀಶರ ಪೈಕಿ 7 ಮಂದಿ, ಸಂವಿಧಾನವನ್ನು ತಿದ್ದಬಹುದು, ಮೂಲಸ್ವರೂಪವನ್ನು ಕೆಡಿಸಲಾಗದು ಎಂದು ನಿರ್ಣಯಿಸಿದರು. ಸ್ವಾಮಿಗಳು ಬಯಸಿದ ಭೂರಕ್ಷಣೆ ದೊರೆಯಲಿಲ್ಲ. ನಾಡಿನ ಸಂವಿಧಾನಕ್ಕೆ ರಕ್ಷಣೆ ದೊರೆಯಿತು.

ಸವೆದ ಆಚಾರವನ್ನು ಬಿಡಲು ಅಂಜದ ಶರಣರು ಸಮತೆಯನ್ನು ಬಿಡಲಿಲ್ಲ. ಸದ್ಭಕ್ತರೇ, ದಾರವಾವುದು, ಲಿಂಗವಾವುದು ಎಂಬುದನ್ನು ಅರಿತು ನಡೆಯೋಣ.