ಯುದ್ಧ ಕೇಳುವ ಪುರಾವೆ

ಪೌರತ್ವವೆಂದರೆ ಕಾನೂನು ಕೊಡುವ ಸ್ಥಾನವೂ ಹೌದು, ‘ಇವರು ನಮ್ಮವರು’ ಎಂದು ಉಳಿದವರು ಒಪ್ಪಿಕೊಳ್ಳುವುದೂ ಹೌದು. ಶಾಂತಿಯ ದಿನಗಳಲ್ಲಿ ಇವೆರಡೂ ಒಂದೇ ಎಂಬಂತೆ ಕಾಣುತ್ತವೆ. ಯುದ್ಧ ಬಂದರೆ ಬೇರೆಬೇರೆಯಾಗುತ್ತವೆ: ಕಾನೂನಿನ ಪ್ರಕಾರ ಪ್ರಜೆಯಾಗಿದ್ದರೂ ಕೆಲವರು ತಮ್ಮ ನಿಷ್ಠೆಯನ್ನು ಹೊಸದಾಗಿ ಸಾಬೀತುಪಡಿಸಬೇಕಾಗುತ್ತದೆ.

ದೇಶಕ್ಕಾಗಿ ಕಾದಾಡಿದವನಿಗೆ ಆಳ್ವಿಕೆಯಲ್ಲೂ ಪಾಲು ಎಂಬ ವಿಚಾರ ಬಹಳ ಹಳೆಯದು. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧವನ್ನು ಗೆದ್ದುಕೊಟ್ಟವರು ಹಡಗಿನಲ್ಲಿ ದುಡಿದ ಸಾಮಾನ್ಯರು. ಅದರಿಂದಾಗಿ ಅಥೆನ್ಸಿನಲ್ಲಿ ಜನರಾಳ್ವಿಕೆ ಬಲಗೊಂಡಿತು ಎಂದು ಅರಿಸ್ಟಾಟಲ್ ಗುರುತಿಸುತ್ತಾನೆ. ಬ್ರಿಟನ್ನಿನ 1918ರ ಮತದಾನದ ಕಾಯ್ದೆಯಲ್ಲಿ ಇದೇ ವಿಚಾರದ ಒಳಿತು ಕೆಡುಕು ಎರಡೂ ಇವೆ. ಗಂಡಸರಿಗೆ ಮತದ ವಯಸ್ಸು 21. ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಮಾತ್ರ 19. ಆತ್ಮಸಾಕ್ಷಿ ಒಪ್ಪದೆಂದು ಸೇನಾಸೇವೆಯನ್ನು ನಿರಾಕರಿಸಿದ ಹಲವರಿಗೆ ಯುದ್ಧ ಮುಗಿದು ಐದು ವರ್ಷದವರೆಗೆ ಮತವೇ ಇಲ್ಲ.

ಈ ಲೆಕ್ಕಾಚಾರ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಜಪಾನ್ ಮೂಲದ ಅಮೆರಿಕನ್ನರ ಕಥೆಯನ್ನು ನೋಡಬೇಕು. ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿಯ ನಂತರ, 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಿದ ಆದೇಶದ ಬಲದಿಂದ ಸುಮಾರು 1,20,000 ಜನರನ್ನು ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು.

ಮರುವರ್ಷ ಶಿಬಿರಗಳಲ್ಲಿ ಒಂದು ಪ್ರಶ್ನಾವಳಿ ಹಂಚಿದರು. 27ನೆಯ ಪ್ರಶ್ನೆ: ಎಲ್ಲಿಗೆ ಕಳಿಸಿದರೂ ಸೈನ್ಯದಲ್ಲಿ ಹೋರಾಡುವಿರಾ? 28ನೆಯದು: ಅಮೆರಿಕಕ್ಕೆ ಸಂಪೂರ್ಣ ನಿಷ್ಠೆ ತೋರಿ, ಜಪಾನಿನ ಚಕ್ರವರ್ತಿಗೆ ನಿಷ್ಠೆಯನ್ನು ತೊರೆಯುವಿರಾ? ಅಮೆರಿಕದಲ್ಲಿ ಹುಟ್ಟಿದ ಯುವಕ ‘ಹೌದು’ ಎಂದರೆ, ಎಂದೂ ಇಲ್ಲದ ನಿಷ್ಠೆಯೊಂದು ತನಗಿತ್ತೆಂದು ಒಪ್ಪಿಕೊಂಡಂತೆ. ಅವನ ತಂದೆಗೆ ಅಮೆರಿಕದ ಪೌರತ್ವ ಪಡೆಯಲು ಕಾನೂನೇ ಅಡ್ಡಿಯಾಗಿತ್ತು. ಜಪಾನನ್ನೂ ತೊರೆದರೆ ಯಾವ ದೇಶದವನೂ ಅಲ್ಲದಂತಾಗುವ ಭಯ. ಹಿರಿಯರ ಮಟ್ಟಿಗೆ ಪ್ರಶ್ನೆಯ ಮಾತುಗಳನ್ನು ಆಮೇಲೆ ಬದಲಿಸಿದರು. ಎರಡಕ್ಕೂ ‘ಇಲ್ಲ’ ಎಂದವರಲ್ಲಿ ಬಹುಪಾಲು ಜನರನ್ನು ‘ನಿಷ್ಠೆಯಿಲ್ಲದವರಿಗೆ’ ಮೀಸಲಾದ ಟೂಲಿ ಲೇಕ್ ಶಿಬಿರಕ್ಕೆ ಕಳಿಸಿದರು. ಸಂಶಯವನ್ನು ಮೊದಲೇ ತೀರ್ಮಾನಿಸಿಕೊಂಡು ಕೇಳುವ ಪ್ರಶ್ನೆಗೆ ಸರಿಯುತ್ತರ ಇರುವುದಾದರೂ ಹೇಗೆ?

‘ಹೌದು’ ಎಂದ ಅನೇಕರು 442ನೆಯ ರೆಜಿಮೆಂಟ್ ಸೇರಿ ಇಟಲಿ, ಫ್ರಾನ್ಸ್‌ಗಳಲ್ಲಿ ಹೋರಾಡಿದರು. ಗಾತ್ರಕ್ಕೆ ಹೋಲಿಸಿದರೆ ಅಮೆರಿಕದ ಸೇನೆಯಲ್ಲೇ ಅತಿ ಹೆಚ್ಚು ಪದಕ ಗಳಿಸಿದ ತುಕಡಿಗಳಲ್ಲಿ ಅದೂ ಒಂದು. ಹಾರ್ಟ್ ಮೌಂಟನ್ ಶಿಬಿರದ ಕೆಲವರ ವಾದ ಬೇರೆ: ಮೊದಲು ನಮ್ಮ ಹಕ್ಕು ಮರಳಿಸಿ, ಆಮೇಲೆ ಸೈನ್ಯಕ್ಕೆ ಕರೆಯಿರಿ. ತತ್ತ್ವದ ದೃಷ್ಟಿಯಿಂದ ಇವರದೇ ಗಟ್ಟಿ ವಾದ. ಕರ್ತವ್ಯ ಹುಟ್ಟುವುದು ಹಕ್ಕಿನಿಂದ; ಹಕ್ಕನ್ನು ಕಸಿದುಕೊಂಡ ಪ್ರಭುತ್ವ ಕರ್ತವ್ಯವನ್ನು ಮಾತ್ರ ಉಳಿಸಿಕೊಳ್ಳಲಾಗದು. ನ್ಯಾಯಾಲಯ ಹಾಗೆ ತಿಳಿಯಲಿಲ್ಲ. ಸೈನ್ಯದ ಕರೆಯನ್ನು ನಿರಾಕರಿಸಿದ್ದಕ್ಕಾಗಿ 1944ರಲ್ಲಿ ಅವರಲ್ಲಿ 63 ಮಂದಿಗೆ ಒಟ್ಟಾಗಿ ಶಿಕ್ಷೆಯಾಯಿತು.

ಇದು ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ. ಚೀನಾದೊಂದಿಗಿನ 1962ರ ಯುದ್ಧದ ಸಮಯದಲ್ಲಿ ಭಾರತವೂ ಈಶಾನ್ಯದ ಚೀನೀ ಮೂಲದ ಕುಟುಂಬಗಳನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಿತ್ತು.

ಅಮೆರಿಕದ ಕಥೆಗೆ ಮರಳಿದರೆ, ಜಪಾನಿನಿಂದ ವಲಸೆ ಬಂದವರಿಗೆ ಅಲ್ಲಿನ ಪೌರತ್ವ ಪಡೆಯುವ ಅವಕಾಶ 1952ರಲ್ಲಿ ತೆರೆಯಿತು. 1988ರಲ್ಲಿ ಅಮೆರಿಕ ಕ್ಷಮೆ ಕೋರಿ, ಶಿಬಿರಗಳಲ್ಲಿದ್ದು ಇನ್ನೂ ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ನೀಡಲು ಒಪ್ಪಿತು. ಸೈನ್ಯಕ್ಕೆ ಸೇರಲು ನಿರಾಕರಿಸಿದವರನ್ನು ಯುದ್ಧಕಾಲದಲ್ಲಿ ಖಂಡಿಸಿದ್ದ ಜಪಾನೀ ಅಮೆರಿಕನ್ನರ ಸ್ವಂತ ಸಂಘಟನೆ ಅವರ ಕ್ಷಮೆ ಕೇಳಿದ್ದು 2002ರಲ್ಲಿ.