ಕೂಲಿಗೆ ಸಿಗದ ಮನಸ್ಸು

ಎಂಗೇಜ್‌ಮೆಂಟ್ ಎಂದರೆ ನಮ್ಮ ಮನೆಗಳಲ್ಲಿ ಒಂದೇ ಅರ್ಥ. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಕೂತು ಮಾತಾಡಿ, ಬಾಯಿ ಸಿಹಿ ಮಾಡಿ, ದಿನ ಗೊತ್ತು ಮಾಡುವ ನಿಶ್ಚಿತಾರ್ಥ. ಈಗ ಆ ಪದ ಕಂಪೆನಿಗಳ ಒಳಗೂ ಹೊಕ್ಕು ಕೂತಿದೆ. ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರನ್ನು ಕೇಳಿ ನೋಡಿ, 'ಎಂಪ್ಲಾಯಿ ಎಂಗೇಜ್‌ಮೆಂಟ್' ಎಂದರೇನೆಂದು ವಿವರಿಸುತ್ತಾರೆ. ಶುಕ್ರವಾರ ಸಂಜೆ ಬಲೂನು ಕಟ್ಟಿ ಆಟ ಆಡಿಸುತ್ತಾರೆ. ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುತ್ತಾರೆ. ದೊಡ್ಡ ಸಾಹೇಬರು ಆಗಾಗ ವೇದಿಕೆ ಹತ್ತಿ, ನಾವೆಲ್ಲ ಒಂದೇ ಕುಟುಂಬ ಎನ್ನುತ್ತಾರೆ. ವರ್ಷಕ್ಕೊಮ್ಮೆ ಪ್ರಶ್ನೆಗಳ ಪಟ್ಟಿ ಕೊಟ್ಟು, ಕೆಲಸದಲ್ಲಿ ನಿಮಗೆಷ್ಟು ಸಂತೋಷವಿದೆ ಎಂದು ಅಂಕ ಹಾಕಿಸುತ್ತಾರೆ.

ಇದನ್ನೆಲ್ಲ ಕಂಡು ಗೇಲಿ ಮಾಡುವುದು ಸುಲಭ. ಆದರೆ ದುಡಿಯುವ ಮನುಷ್ಯ ಎಚ್ಚರವಾಗಿರುವ ಗಂಟೆಗಳಲ್ಲಿ ಹೆಚ್ಚಿನವು ಕಳೆಯುವುದು ಕೆಲಸದ ಜಾಗದಲ್ಲೇ. ಅಲ್ಲಿ ಒಂದಿಷ್ಟು ನಗು, ಒಂದಿಷ್ಟು ಒಳ್ಳೆಯ ಮಾತು ಯಾರಿಗೆ ಬೇಡ? ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಸಂಬಳ ಕೊಡುವವನಿಗೆ ದುಡಿಯುವವನ ಸಮಯದ ಮೇಲೆ, ಕೈಗಳ ಮೇಲೆ ಹಕ್ಕಿದೆ, ಸರಿ. ಅವನ ಮನಸ್ಸಿನ ಮೇಲೂ ಇದೆಯೇ? ಸಂತೋಷದಿಂದಲೇ ದುಡಿ ಎಂದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳಬಹುದೇ?

ಈ ಪದವನ್ನು ದುಡಿಮೆಯ ಲೋಕಕ್ಕೆ ತಂದವರಲ್ಲಿ ಅಮೆರಿಕದ ವಿದ್ವಾಂಸ ವಿಲಿಯಂ ಕಾನ್ ಮೊದಲಿಗರು. ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಮತ್ತು ಕಟ್ಟಡಗಳ ವಿನ್ಯಾಸ ಮಾಡುವ ಸಂಸ್ಥೆಯೊಂದರಲ್ಲಿ ದುಡಿಯುವವರನ್ನು ಹತ್ತಿರದಿಂದ ನೋಡಿ ಅವರು 1990ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮನುಷ್ಯ ತನ್ನನ್ನು ಕೆಲಸದಲ್ಲಿ ಪೂರ್ತಿ ತೊಡಗಿಸಿಕೊಳ್ಳಬೇಕಾದರೆ ಮೂರು ಸಂಗತಿಗಳು ಬೇಕೆಂದು ಅವರು ಕಂಡುಕೊಂಡರು. ಒಂದು, ತಾನು ಮಾಡುವ ಕೆಲಸಕ್ಕೆ ಅರ್ಥವಿದೆ ಎಂಬ ಭಾವ. ಎರಡು, ತಾನು ತಾನಾಗಿಯೇ ಇದ್ದರೆ, ಮನಸ್ಸಿನಲ್ಲಿದ್ದುದನ್ನು ಆಡಿದರೆ ತನಗೆ ಕೇಡಾಗದು ಎಂಬ ಭರವಸೆ. ಮೂರು, ಕೆಲಸಕ್ಕೆ ಕೊಡಲು ಮೈಯಲ್ಲಿ, ಮನಸ್ಸಿನಲ್ಲಿ ಕಸುವು ಉಳಿದಿರುವುದು. ಈ ಮೂರರಲ್ಲಿ ಬಲೂನು ಎಲ್ಲೂ ಇಲ್ಲ.

ಮನಸ್ಸಿಟ್ಟು ದುಡಿಯುವವರಿಂದ ಲಾಭ ಹೆಚ್ಚು ಎಂಬುದು ಗೊತ್ತಾದ ಮೇಲೆ ಕಾನ್ ಅವರ ಮಾತು ವ್ಯಾಪಾರದ ಕೈಗೆ ಹೋಯಿತು. ಮನಸ್ಸನ್ನು ಅಳೆಯುವ ಸಂಸ್ಥೆಗಳು ಹುಟ್ಟಿಕೊಂಡವು. ಅಂಥವುಗಳಲ್ಲಿ ದೊಡ್ಡದಾದ ಗ್ಯಾಲಪ್ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ನೂರು ನೌಕರರಲ್ಲಿ ಹೀಗೆ ಮನಸ್ಸಿಟ್ಟು ದುಡಿಯುತ್ತಿದ್ದವರು 21 ಮಂದಿ. ಹಿಂದಿನ ವರ್ಷ 23 ಇತ್ತು. ಇಷ್ಟೊಂದು ಆಟ, ಇಷ್ಟೊಂದು ಭಾಷಣ, ಇಷ್ಟೊಂದು ಪ್ರಶ್ನಾವಳಿಗಳ ನಡುವೆಯೂ ನೂರರಲ್ಲಿ ಎಪ್ಪತ್ತೊಂಬತ್ತು ಮಂದಿಯ ಮನಸ್ಸು ಕೆಲಸದಲ್ಲಿಲ್ಲ. ಎಲ್ಲೋ ಬುಡದಲ್ಲೇ ತಪ್ಪಿದೆ.

ಬುಡವನ್ನು ತೋರಿಸಿಕೊಡುವ ಒಂದು ಪ್ರಸಂಗ ಪವಿತ್ರ ಕುರ್‌ಆನಿನ 'ಅಲ್ ಕಸಸ್' ಅಧ್ಯಾಯದಲ್ಲಿದೆ. ಈಜಿಪ್ಟಿನಿಂದ ಪ್ರಾಣ ಉಳಿಸಿಕೊಂಡು ಬಂದ ಪ್ರವಾದಿ ಮೂಸಾ(ಅ) ಮದ್‌ಯನ್ ಊರಿನ ನೀರಿನ ತಾಣದಲ್ಲಿ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸುತ್ತಾರೆ. ಅವರ ವೃದ್ಧ ತಂದೆ ಮೂಸಾರನ್ನು ಕರೆಸಿ, ತಮ್ಮ ಮಗಳೊಬ್ಬಳನ್ನು ಮದುವೆ ಮಾಡಿಕೊಡುವ ಪ್ರಸ್ತಾಪದ ಜೊತೆಗೆ ಒಂದು ಕರಾರು ಮುಂದಿಡುತ್ತಾರೆ. ಎಂಟು ವರ್ಷ ತಮ್ಮಲ್ಲಿ ದುಡಿಯಬೇಕು, ಹತ್ತು ಪೂರ್ತಿ ಮಾಡಿದರೆ ಅದು ಮೂಸಾರ ಇಷ್ಟ. ತಾವು ಅವರನ್ನು ಕಷ್ಟಕ್ಕೆ ಗುರಿಮಾಡಲು ಬಯಸುವುದಿಲ್ಲವೆಂದೂ ಆ ವೃದ್ಧರು ಸೇರಿಸುತ್ತಾರೆ. ಎರಡು ಅವಧಿಗಳಲ್ಲಿ ಯಾವುದನ್ನು ಪೂರೈಸಿದರೂ ತಮ್ಮ ಮೇಲೆ ಒತ್ತಾಯ ಕೂಡದೆಂದು ಮೂಸಾ ಮೊದಲೇ ಬಾಯಿಬಿಟ್ಟು ಹೇಳುತ್ತಾರೆ. ಕೊನೆಗೆ ಅವರು ಹತ್ತು ವರ್ಷವನ್ನೇ ಪೂರೈಸಿದರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ.

ಇಲ್ಲಿ ಎಂಟು ವರ್ಷ ಕರಾರು. ಅದು ಹಕ್ಕು, ಅದನ್ನು ಕೇಳಬಹುದು. ಮಿಕ್ಕ ಎರಡು ವರ್ಷ ದುಡಿಯುವವನ ಕೈಯಲ್ಲಿರುವ ಕೊಡುಗೆ. ಈಗಿನ ಮ್ಯಾನೇಜ್‌ಮೆಂಟ್ ಪುಸ್ತಕಗಳು ಬೆನ್ನು ಹತ್ತಿರುವುದು ಈ ಎರಡು ವರ್ಷಗಳನ್ನೇ. ಕರಾರಿನಲ್ಲಿ ಬರೆಯದ ಶ್ರಮ, ಯಾರೂ ನೋಡದಾಗಲೂ ಇಡುವ ಗಮನ, ಗಡಿಯಾರ ನೋಡದೆ ಕೂರುವ ಸಂಜೆ. ಆ ವೃದ್ಧರು ಅದನ್ನು ಪಡೆದ ಬಗೆಯನ್ನು ಗಮನಿಸಿ. ಷರತ್ತನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ಕಷ್ಟ ಕೊಡುವುದಿಲ್ಲವೆಂದು ಮಾತು ಕೊಟ್ಟರು, ಹೆಚ್ಚಿನದನ್ನು ಎದುರಿನವನ ಇಷ್ಟಕ್ಕೆ ಬಿಟ್ಟರು. ಬಿಟ್ಟದ್ದರಿಂದಲೇ ಅದು ಬಂತು.

ಅದ್ಲ್ ಮತ್ತು ಇಹ್ಸಾನ್ ಎಂಬ ಎರಡು ಪದಗಳನ್ನು ನಾವು ಪ್ರತಿ ಶುಕ್ರವಾರದ ಖುತ್ಬಾದಲ್ಲಿ ಕೇಳುತ್ತೇವೆ. ಅದ್ಲ್ ಎಂದರೆ ನ್ಯಾಯ, ಸಲ್ಲಬೇಕಾದುದನ್ನು ಸಲ್ಲಿಸುವುದು. ಇಹ್ಸಾನ್ ಎಂದರೆ ಅದಕ್ಕೂ ಮಿಗಿಲಾದ ಒಳಿತು, ಸೌಜನ್ಯ. 'ಅನ್ನಹ್ಲ್' ಅಧ್ಯಾಯದ ಆ ವಚನದಲ್ಲಿ ಅದ್ಲ್ ಮೊದಲು ಬರುತ್ತದೆ, ಇಹ್ಸಾನ್ ಆಮೇಲೆ. ಕಂಪೆನಿಗಳ ಕೇಕು, ಪ್ರವಾಸ, ಆಟಗಳನ್ನು ದೊಡ್ಡ ಮನಸ್ಸಿನಿಂದ ಇಹ್ಸಾನ್ ಎಂದೇ ಒಪ್ಪೋಣ. ಅವುಗಳನ್ನು ಅದ್ಲ್‌ನ ಜಾಗದಲ್ಲಿ ತಂದು ಕೂರಿಸಿದಾಗ ಮಾತ್ರ ಅವು ಮೋಸವಾಗುತ್ತವೆ. ಸಂಬಳ ಬಾಕಿ ಇಟ್ಟುಕೊಂಡು ಸಿಹಿ ಹಂಚಿದರೆ ಸಿಹಿಯೂ ಕಹಿಯಾಗುತ್ತದೆ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆಪಲ್ ಕಂಪೆನಿಯ ಫೋನು ಜೋಡಿಸುತ್ತಿದ್ದ ಕಾರ್ಮಿಕರು ಸಂಬಳದ ವಿಚಾರಕ್ಕೆ ಸಿಡಿದೆದ್ದು ಗಾಜು, ಯಂತ್ರಗಳನ್ನು ಒಡೆದರು. ಅವರಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲಿದ್ದವರು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಒಂದು ವಾರದ ಬಳಿಕ ಆ ಕಂಪೆನಿಯೇ, ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ಸಂಬಳ ಸಂದಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದರಲ್ಲಿರುವ ವಿವೇಕ ಇದು. ತಡವಾಗಿ ಬಂದ ಕೂಲಿ ಅಷ್ಟೇ ಹಣವಾಗಿದ್ದರೂ ಅಷ್ಟೇ ಕೂಲಿಯಲ್ಲ. ನಡುವೆ ಒಂದು ಮನೆಯ ಬಾಡಿಗೆ, ಒಂದು ಮಗುವಿನ ಶಾಲೆಯ ಫೀಸು, ಒಂದು ಮರ್ಯಾದೆ ಹೋಗಿರುತ್ತದೆ.

ಅದಕ್ಕೂ ಮೊದಲು, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಮಾಲೀಕರು ಕಟ್ಟಿದ ಭವಿಷ್ಯನಿಧಿಯ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರಕಾರ ನಿಯಮ ಮಾಡಿತ್ತು. ಮಗಳ ಮದುವೆ, ಕಾಯಿಲೆ, ಸಾಲ ಎಲ್ಲಕ್ಕೂ ಆ ಹಣವನ್ನೇ ನಂಬಿದ್ದವರು ಅವರು. ಹೊಲಿಗೆ ಯಂತ್ರದ ಮುಂದೆ ಕೂತು ನಲವತ್ತು ದಾಟುವುದೇ ಕಷ್ಟವೆಂದು ಬಲ್ಲವರಿಗೆ 58ರ ಮಾತು! ಎರಡನೇ ದಿನ ಸರಕಾರ ನಿಯಮ ಹಿಂತೆಗೆದುಕೊಂಡಿತು. ಅವರ ಹಣದ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ ಎಂಬುದೇ ಇಲ್ಲಿನ ಪಾಠ. ಸಂವಹನ ಎಂದು ದೊಡ್ಡವರು ಹೇಳುವುದು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬರುವ ಸುತ್ತೋಲೆ. ಕೆಳಗಿನಿಂದ ಮೇಲಕ್ಕೆ ಹೋಗುವ ಮಾತಿಗೆ ದಾರಿಯಿಲ್ಲದಿದ್ದಾಗ ಅದು ರಸ್ತೆಗೆ ಬರುತ್ತದೆ.

ಹಾಗಾದರೆ ನಾಯಕತ್ವ, ಸಂವಹನ, ನಗು ಈ ಮೂರೂ ಕೂಡಿ ಬರುವುದೇ ಇಲ್ಲವೇ? ಬರುತ್ತವೆ. ಹಿಜರಿ 5ರಲ್ಲಿ, ಅಂದರೆ ಕ್ರಿ.ಶ. 627ರಲ್ಲಿ, ಮದೀನಾ ನಗರದ ರಕ್ಷಣೆಗೆ ಕಂದಕ ತೋಡಿದ ಪ್ರಸಂಗವನ್ನು ನೆನೆಯಿರಿ. ಕಂದಕದ ಸಲಹೆ ಬಂದುದು ಹಝ್ರತ್ ಸಲ್ಮಾನ್ ಫಾರ್ಸಿ(ರ) ಅವರಿಂದ. ಅವರು ಪರದೇಶದವರು, ಗುಲಾಮಗಿರಿಯನ್ನು ಉಂಡವರು. ಅರಬರಿಗೆ ಗೊತ್ತೇ ಇರದ ಆ ಉಪಾಯವನ್ನು ಪ್ರವಾದಿಯವರು(ಸ) ಒಪ್ಪಿಕೊಂಡರು. ಆಮೇಲೆ ತಾವೂ ಇಳಿದು ಮಣ್ಣು ಹೊತ್ತರು. ಮೈಯೆಲ್ಲ ಧೂಳು ಮೆತ್ತಿತ್ತು. ಉಳಿದವರ ಹೊಟ್ಟೆಯಂತೆ ಅವರ ಹೊಟ್ಟೆಯೂ ಹಸಿದಿತ್ತು. ಆ ಚಳಿಯಲ್ಲಿ, ಆ ಹಸಿವಿನಲ್ಲಿ ಅಗೆಯುತ್ತಿದ್ದವರು ಪದ್ಯ ಹೇಳುತ್ತಿದ್ದರು, ಪ್ರವಾದಿಯವರು(ಸ) ದನಿ ಸೇರಿಸುತ್ತಿದ್ದರು. ಆ ಹಾಡನ್ನು ಯಾರೂ ಏರ್ಪಡಿಸಿರಲಿಲ್ಲ. ಜೊತೆಗಾರರ ಹಸಿವನ್ನು ಹಂಚಿಕೊಂಡ ನಾಯಕ ಹಾಡಿದರೆ ಜನ ಹಾಡುತ್ತಾರೆ. ಹೊಟ್ಟೆ ತುಂಬಿದವನು ಹಸಿದವರಿಗೆ ಹಾಡಿ ಎಂದರೆ ಅದು ಆಜ್ಞೆ.

ನಮ್ಮ ಕರಾವಳಿಗೆ ನಂಟಿರುವ ಇನ್ನೊಂದು ಉದಾಹರಣೆ ಬೀಡಿಯದು. ಬೀಡಿ ಆರೋಗ್ಯಕ್ಕೆ ಕೇಡು, ಕಟ್ಟುವವರಿಗೂ ಸೇದುವವರಿಗೂ. ಆ ಮಾತು ಇರಲಿ. ಕೇರಳದ ಕಣ್ಣೂರು ಕಡೆಯ ಬೀಡಿ ಶಾಲೆಗಳಲ್ಲಿ ಹಿಂದಿನಿಂದಲೂ ಒಂದು ಪದ್ಧತಿಯಿತ್ತು. ಎಲ್ಲರೂ ಬೀಡಿ ಕಟ್ಟುತ್ತಿರುವಾಗ ಅವರಲ್ಲೊಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಪತ್ರಿಕೆ ಮುಗಿದರೆ ಕಾದಂಬರಿ. ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಿದ್ದರು. ಬೀಡಿ ಕಾರ್ಮಿಕರ ರಕ್ಷಣೆಗಾಗಿ 1966ರಲ್ಲಿ ಆದ ಕಾಯ್ದೆಯನ್ನು ಕೇರಳದಲ್ಲಿ ಜಾರಿಗೆ ತಂದಾಗ ಮಂಗಳೂರಿನ ಗಣೇಶ್ ಬೀಡಿಯವರು ಅಲ್ಲಿನ ಕೆಲಸವನ್ನು ನಿಲ್ಲಿಸಿದರು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಆಗ, 1969ರಲ್ಲಿ, ಕಾರ್ಮಿಕರೇ ಸದಸ್ಯರಾದ 'ದಿನೇಶ್ ಬೀಡಿ' ಸಹಕಾರ ಸಂಘ ಹುಟ್ಟಿತು. ಓದುವ ಪದ್ಧತಿ ಅಲ್ಲೂ ಮುಂದುವರಿಯಿತು. ಬೀಡಿಯ ಬೇಡಿಕೆ ಇಳಿದ ಮೇಲೆ ಆ ಸಂಘ ಕೊಡೆ, ಆಹಾರ ಪದಾರ್ಥಗಳ ತಯಾರಿಗೂ ಇಳಿದಿದೆ. ಕೆಲಸದ ಜಾಗದ ಸಂತೋಷವೆಂದರೆ ಆ ಓದು. ದುಡಿಯುವವರೇ ಆರಿಸಿಕೊಂಡದ್ದು, ತಮ್ಮ ಬೆರಳ ಶ್ರಮದಿಂದಲೇ ಅದರ ಬೆಲೆ ತೆತ್ತದ್ದು, ತಲೆ ಎತ್ತಿ ಲೋಕವನ್ನು ನೋಡಲು ಕಲಿಸಿದ್ದು. ಇತ್ತ ನಮ್ಮ ಊರುಗಳಲ್ಲಿ ಬೀಡಿ ಮನೆಮನೆಯ ಕೆಲಸವಾಯಿತು. ನಮ್ಮ ತಾಯಂದಿರು, ಅಕ್ಕಂದಿರು ಒಬ್ಬೊಬ್ಬರೇ ಗೋಡೆಗೊರಗಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟಿದರು. ಸರಿಯಿಲ್ಲವೆಂದು ತಿರಸ್ಕರಿಸಿದ ಬೀಡಿಯ ಲೆಕ್ಕವನ್ನು ಕೇಳಲು ಅವರಿಗೆ ಜೊತೆಗಾರರೂ ಇರಲಿಲ್ಲ, ಓದಿ ಹೇಳುವವರೂ ಇರಲಿಲ್ಲ.

ಕಂಪೆನಿಗಳ ಮಾತು ಸಾಕು. ನಮ್ಮ ಅಂಗಳಕ್ಕೆ ಬರೋಣ. ನಮ್ಮ ಸಮುದಾಯದವರೇ ನಡೆಸುವ ಶಾಲೆಗಳಿವೆ, ಮದ್ರಸಗಳಿವೆ, ಅಂಗಡಿ, ಗ್ಯಾರೇಜು, ಹೋಟೆಲುಗಳಿವೆ. ಬಿ.ಎಡ್. ಮಾಡಿದ ಹೆಣ್ಣುಮಗಳು ಇಂಥ ಎಷ್ಟೋ ಶಾಲೆಗಳಲ್ಲಿ ಕಟ್ಟಡ ಕೆಲಸದ ಕೂಲಿಗಿಂತ ಕಡಿಮೆಗೆ ಪಾಠ ಮಾಡುತ್ತಾಳೆ. ಹೆಚ್ಚು ಕೇಳಿದರೆ ಇದು ಕೌಮಿನ ಖಿದ್ಮತ್, ಸವಾಬಿನ ಕೆಲಸ ಎನ್ನುತ್ತೇವೆ. ಐದು ಹೊತ್ತು ಬಾಂಗು ಕೊಡುವ ಮುಅದ್ಸಿನ್ ತನ್ನ ಮಗಳ ಮದುವೆಗೆ ಚೀಟಿ ಹಿಡಿದು ಮನೆಮನೆ ಸುತ್ತಬೇಕು. ಅದೇ ವರ್ಷ ಮಸೀದಿಗೆ ಹೊಸ ಗ್ರಾನೈಟು ಹಾಸುತ್ತೇವೆ. ಬೆಂಗಳೂರಿನ ಕಂಪೆನಿ 'ಕುಟುಂಬ' ಎಂಬ ಪದದಿಂದ ಮಾಡುವ ಕೆಲಸವನ್ನು ನಾವು 'ಸವಾಬ್' ಎಂಬ ಪದದಿಂದ ಮಾಡುತ್ತಿದ್ದೇವೆ. ಸವಾಬು ಕೊಡುವವನು ಅಲ್ಲಾಹನು. ಸಂಬಳ ಕೊಡಬೇಕಾದವರು ನಾವು. ಒಬ್ಬನನ್ನು ದುಡಿಸಿಕೊಂಡು ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಹದೀಸನ್ನು ನಮ್ಮ ಆಡಳಿತ ಸಮಿತಿಗಳು ವಾರ್ಷಿಕ ಸಭೆಯಲ್ಲಿ ಒಮ್ಮೆ ಓದಿಕೊಂಡರೆ ಒಳ್ಳೆಯದು.

ದುಡಿಯುವವನಿಗೂ ಹೊಣೆಯಿದೆ. ಒಪ್ಪಿಕೊಂಡ ಎಂಟು ವರ್ಷ ಅಮಾನತ್, ಅದರಲ್ಲಿ ಕಳ್ಳತನ ಸಲ್ಲದು. ಕನ್ನಡ ನಾಡಿಗೆ ಈ ಮಾತು ಹೊಸದಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಅದನ್ನು ಅಲ್ಲೇ ಸುರಿದು ಬರುವಂತೆ ವಾಪಸು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ನಾಡು ಇದು. ಪಡೆಯುವುದರಲ್ಲೂ ಮಿತಿ ಬೇಕೆಂದು ಬಡವಿಯೊಬ್ಬಳು ಹೇಳಿದಳು. ಆದರೆ ಆ ಮಾತು ಅವಳು ತನ್ನ ಮನೆಗೆ ತಾನೇ ಹಾಕಿಕೊಂಡ ಮಿತಿ. ಅದನ್ನು ಉಳ್ಳವರು ಇಲ್ಲದವರಿಗೆ ಉಪದೇಶ ಮಾಡಿದರೆ ಅರ್ಥವೇ ತಿರುವುಮುರುವಾಗುತ್ತದೆ.

ನಿಶ್ಚಿತಾರ್ಥದ ಮಾತಿನಿಂದ ಶುರು ಮಾಡಿದೆವು. ನಿಕಾಹಿನಲ್ಲಿ ಎರಡೂ ಕಡೆಯ ಒಪ್ಪಿಗೆ ಬೇಕು, ಮೆಹರ್ ಗೊತ್ತಾಗಬೇಕು. ಪ್ರೀತಿಯನ್ನು ಮಾತ್ರ ಯಾವ ಕಾಝಿಯೂ ಪುಸ್ತಕದಲ್ಲಿ ಬರೆಸಿಕೊಳ್ಳುವುದಿಲ್ಲ. ಹಕ್ಕುಗಳು ಸಂದ ಮನೆಯಲ್ಲಿ ಅದು ತಾನಾಗಿ ಹುಟ್ಟಲೆಂದು ದುಆ ಮಾಡುತ್ತಾರೆ, ಅಷ್ಟೇ. ಜನರನ್ನು ಕೆಲಸಕ್ಕಿಟ್ಟುಕೊಂಡ ನಾವೆಲ್ಲರೂ, ನಮ್ಮದು ಸಾವಿರ ಜನರ ಕಚೇರಿಯಾಗಲಿ, ಒಬ್ಬ ಹುಡುಗನಿರುವ ಅಂಗಡಿಯಾಗಲಿ, ಮೊದಲು ಎಂಟು ವರ್ಷದ ಲೆಕ್ಕ ಚುಕ್ತಾ ಮಾಡೋಣ. ಮಿಕ್ಕ ಎರಡು ವರ್ಷ ಕೊಡುವುದು ಬಿಡುವುದು ಅವರಿಗೆ ಸೇರಿದ್ದು.