ಜಾಲತಾಣವೂ ಗೃಹಸ್ಥಧರ್ಮವೂ

ಅಂತರಂಗ ಬಹಿರಂಗಗಳೆರಡೂ ಶುದ್ಧವಾಗಿರಬೇಕೆಂಬುದು ಶಿವಶರಣರ ಬೋಧೆಯ ಸಾರ. ಇದನ್ನೇ ಹಿಡಿದು ಕೆಲವರು, ಶುದ್ಧನಾದವನಿಗೆ ಮರೆಯೇತಕ್ಕೆ, ತಪ್ಪು ಮಾಡದವನು ಮುಚ್ಚಿಡುವುದೇನಿದೆ ಎಂದು ವಾದಿಸುವುದುಂಟು. ಮೇಲುನೋಟಕ್ಕೆ ಈ ಮಾತು ಸರಿಯೆಂದು ತೋರಿದರೂ ಅದು ವೀರಶೈವಾಚಾರಕ್ಕೆ ಒಪ್ಪುವಂಥದಲ್ಲ. ಭಕ್ತನು ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಶಿವದಾರದಿಂದ ಎದೆಯ ಮೇಲೆ ಧರಿಸುತ್ತಾನೆ. ಅದು ನಾಚಿಕೆಯ ವಸ್ತುವೇ? ಅಲ್ಲ, ಅವನ ಸರ್ವಸ್ವವೇ ಅದು. ಆದರೂ ಸಂತೆಯಲ್ಲಿ ಅದನ್ನು ತೆಗೆದು ತೋರಿಸುತ್ತ ನಡೆಯುವುದಿಲ್ಲ. ಪೂಜೆಯ ವೇಳೆಗೆ ಕರಸ್ಥಲಕ್ಕೆ ತಂದುಕೊಂಡು, ಪೂಜೆ ಮುಗಿದ ಮೇಲೆ ಮತ್ತೆ ಕರಡಿಗೆಯಲ್ಲಿಡುತ್ತಾನೆ. ಆದುದರಿಂದ ಮರೆಯಲ್ಲಿರುವುದೆಲ್ಲ ಪಾಪವಲ್ಲ. ಪವಿತ್ರವಾದುದಕ್ಕೂ ಒಂದು ಮರೆ ಬೇಕು.

ಈ ವಿವೇಕವು ಇಂದಿನ ಗೃಹಸ್ಥನಿಗೆ ಬಹು ಅವಶ್ಯಕವಾಗಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂತಹ ಊರಿನಲ್ಲಿಯೂ ಮಗನು ಬೆಂಗಳೂರಿನಲ್ಲಿ, ಮಗಳು ಹೊಸಪೇಟೆಯಲ್ಲಿ ನೆಲೆಸಿರುವ ಮನೆಗಳುಂಟು. ಮೊಮ್ಮಕ್ಕಳ ಮುಖವನ್ನು ದಿನವೂ ನೋಡಬಹುದು, ಫೇಸ್‌ಬುಕ್ಕಿಗೆ, ವಾಟ್ಸಾಪಿಗೆ ಸೇರಿರೆಂದು ಮಕ್ಕಳು ಹೇಳುತ್ತಾರೆ. ಮನೆಯ ಮಾತು ಕಾಣದವರ ಕೈ ಸೇರಿದರೆ ಗತಿಯೇನೆಂದು ಹಿರಿಯರು ಹಿಂಜರಿಯುತ್ತಾರೆ. ಮಕ್ಕಳ ಅಕ್ಕರೆಯೂ ಸುಳ್ಳಲ್ಲ, ಹಿರಿಯರ ಅಂಜಿಕೆಯೂ ಸುಳ್ಳಲ್ಲ. ಹಾಗಾದರೆ ಸೇರಬೇಕೋ, ಬೇಡವೋ?

ಮನುಷ್ಯನಿಗೆ ತನ್ನದೆಂಬ ಮರೆ ಇರಬೇಕೆಂಬುದನ್ನು ದೇಶದ ನ್ಯಾಯಸ್ಥಾನವೂ ಎತ್ತಿಹಿಡಿದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಮುಂದೆ 2023ರಲ್ಲಿ ವೈಯಕ್ತಿಕ ವಿವರಗಳ ರಕ್ಷಣೆಗೆ ಕಾಯಿದೆಯೂ ಆಯಿತು. ಆದರೆ ಹಕ್ಕೆಂಬುದು ತನ್ನನ್ನು ಪರರಿಂದ ಕಾಯುವ ಮಾತು. ತನ್ನಿಂದ ಪರರನ್ನು ಕಾಯುವವರಾರು? ಅದನ್ನು ಧರ್ಮವೇ ಹೇಳಬೇಕು.

ಎಂತೆಂದರೆ, ಪ್ರಶ್ನೋತ್ತರದ ಆಟದಂತಿದ್ದ ಒಂದು ಆ್ಯಪಿನ ಮೂಲಕ ಫೇಸ್‌ಬುಕ್ ಬಳಕೆದಾರರ ವಿವರಗಳು ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಕೈ ಸೇರಿದ ಸಂಗತಿ 2018ರಲ್ಲಿ ಬಯಲಾಯಿತು. ಭಾರತದಲ್ಲಿ ಆ ಆ್ಯಪನ್ನು ಹಾಕಿಕೊಂಡವರು ಕೇವಲ 335 ಮಂದಿ. ಆದರೆ ವಿವರಗಳು ಹೋಗಿರಬಹುದಾದವರ ಸಂಖ್ಯೆ 5,62,455 ಎಂದು ಫೇಸ್‌ಬುಕ್ ಸಂಸ್ಥೆಯೇ ತಿಳಿಸಿತು. ಉಳಿದವರು ಮಾಡಿದ್ದೇನು? ಏನೂ ಇಲ್ಲ, ಆ ಆ್ಯಪನ್ನು ಹಾಕಿಕೊಂಡವರ ಗೆಳೆಯರಾಗಿದ್ದರು, ಅಷ್ಟೆ. ಒಬ್ಬನು ಹೂಂ ಎಂದುದರಿಂದ ಹಲವು ಮನೆಗಳ ಕದ ತೆರೆಯಿತು. ಇಂದಿಗೂ ಹೊಸ ಖಾತೆ ತೆರೆಯುವಾಗ, ಮೊಬೈಲಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅಪ್ಪಣೆಯುಂಟೇ ಎಂದು ಕೇಳುವುದುಂಟು. ಆ ನಂಬರುಗಳು ಯಾರವು? ಅಳಿಯನದು, ನೆರೆಮನೆಯ ತಾಯಿಯದು, ಮಠದ ಅಯ್ಯನವರದು.

ಇಲ್ಲಿ ದಾಸೋಹತತ್ತ್ವವನ್ನು ನೆನೆಯತಕ್ಕದ್ದು. ತನ್ನ ಕಾಯಕದಿಂದ ಬಂದುದನ್ನು ನೀಡಿದರೆ ಅದು ದಾಸೋಹ. ನೆರೆಯವನ ಕಣಜದಿಂದ ತೆಗೆದು ನೀಡಿದರೆ ಅದು ಕಳವು. ತನ್ನ ಸುದ್ದಿಯನ್ನು ಹೊರಗಿಡಲು ತನಗೆ ಅಧಿಕಾರವುಂಟು. ಸೊಸೆಯ ಚಿತ್ರ, ಮಗಳ ಮದುವೆಯ ಮಾತುಕತೆ, ತಮ್ಮನ ಸಾಲ, ರೋಗಿಯ ನರಳಾಟ ಇವು ಪರರ ಕಣಜದ ಕಾಳು. ಅವರನ್ನು ಕೇಳದೆ ಅವನ್ನು ಹಂಚುವವನು ಲೋಭಿಯಲ್ಲದಿರಬಹುದು, ಸದಾಚಾರಿಯಂತೂ ಅಲ್ಲ. ಕೂಸಿಗೆ ತನ್ನ ಒಪ್ಪಿಗೆಯನ್ನು ಹೇಳಲು ಬಾಯಿಲ್ಲ. ಅದರ ಚಿತ್ರವನ್ನು ಹಾಕುವ ಮುನ್ನ ತಾತನಾದವನು ಮಗ ಸೊಸೆಯರನ್ನು ಕೇಳುವುದೇ ಸರಿ.

ಹೊರಗಿಡತಕ್ಕುದು ಯಾವುದೆಂಬುದಕ್ಕೆ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳೇ ಸಾಕ್ಷಿ. ಚಾಲುಕ್ಯ ತೈಲಪನ ಕಾಲದಲ್ಲಿ ದುಗ್ಗಿಮಯ್ಯನು ದೇವರನ್ನು ಪ್ರತಿಷ್ಠಿಸಿದ ಸಂಗತಿ ಕ್ರಿ. ಶ. 987ರ ಶಾಸನದಿಂದ ತಿಳಿದುಬರುತ್ತದೆ. ಸಾವಿರ ವರ್ಷಗಳಾದರೂ ಆ ಅಕ್ಷರ ಅಳಿದಿಲ್ಲ. ಹಿರಿಯರು ಕಲ್ಲಿಗೆ ಕೊಟ್ಟದ್ದು ಧರ್ಮಕಾರ್ಯವನ್ನು, ದತ್ತಿಯನ್ನು, ಮನೆಯೊಳಗಿನ ಮುನಿಸನ್ನಲ್ಲ. ಜಾಲತಾಣದ ಬರಹವೂ ಒಂದು ಬಗೆಯ ಶಾಸನವೇ. ತಾನು ಅಳಿಸಿದರೂ ನೋಡಿದವನು ಅದರ ಪ್ರತಿಯನ್ನು ಇಟ್ಟುಕೊಂಡಿರಬಹುದು. ವಾಟ್ಸಾಪಿನ ಮಾತು ದಾರಿಯಲ್ಲಿ ಅನ್ಯರಿಗೆ ತಿಳಿಯದಂತೆ ಬೀಗ ಹಾಕಿಕೊಂಡು ಹೋಗುವುದು ನಿಜ. ಆದರೆ ಕೈಸೇರಿದ ಮೇಲೆ ಅದನ್ನು ಇನ್ನೊಬ್ಬರಿಗೆ ಕಳಿಸುವವನನ್ನು ಯಾವ ಬೀಗವೂ ತಡೆಯದು.

ಹಾಗೆಂದು ಜಾಲತಾಣವನ್ನು ತೊರೆದುದೇ ದೊಡ್ಡ ವ್ರತವೆಂದು ಬೀಗುವುದೂ ತರವಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ನಾನಾ ಕಾಯಕದ ಶರಣರು ಕೂಡಿ ಮಾತನಾಡಿದರು. ಕೂಡಿ ಮಾತನಾಡುವುದು ಶರಣರಿಗೆ ಹೊಸದಲ್ಲ. ಆದರೆ ಅವರು ತಮ್ಮ ವಚನಗಳಿಗೆ ತಮ್ಮ ಹೆಸರನ್ನು ಮೆರೆಸದೆ ಇಷ್ಟದೈವದ ಅಂಕಿತವನ್ನಿಟ್ಟರೆಂಬುದನ್ನು ಮರೆಯಬಾರದು. ಮೆಚ್ಚುಗೆಯ ಎಣಿಕೆಗಾಗಿ ಅಂತರಂಗವನ್ನು ಬಿಚ್ಚುವುದು ಆ ಮಾರ್ಗವಲ್ಲ.

ಆದುದರಿಂದ ಗೃಹಸ್ಥನು ಸೇರುವ ಮುನ್ನ ಮೂರು ಮಾತುಗಳನ್ನು ತನ್ನನ್ನೇ ಕೇಳಿಕೊಳ್ಳಲಿ: ಇದು ನನ್ನ ಕಾಯಕಕ್ಕೋ ಬಾಂಧವ್ಯಕ್ಕೋ ಬೇಕೇ? ನಾನು ಹೊರಗಿಡುವುದು ನನ್ನದೇ? ಅದು ನಾಳೆ ಊರ ನಡುವಿನ ಕಲ್ಲಿನ ಮೇಲೆ ನಿಂತರೆ ನನ್ನ ಮನೆಯವರು ತಲೆತಗ್ಗಿಸದಿರುವರೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಸೇರಲಿ. ಸೇರಿದಾಗಲೂ ಪರರ ನಂಬರುಗಳನ್ನು ಕೊಡದಿರಲಿ, ಬ್ಯಾಂಕಿನಿಂದ ಬಂದ ಓಟಿಪಿಯನ್ನು ಯಾರಿಗೂ ಹೇಳದಿರಲಿ. ಹೌದೆನ್ನಲು ಮನಸ್ಸು ಅಳುಕಿದರೆ ಹೊರಗೇ ಇರಲಿ. ಮಗನಿಗೆ ಒಂದು ಫೋನು ಮಾಡಿದರೂ ಅಕ್ಕರೆ ತಲುಪುವುದು, ಅದರಲ್ಲಿ ಕೊರತೆಯೇನೂ ಇಲ್ಲ.

ಕರಡಿಗೆಯನ್ನು ತೆರೆಯುವ ವೇಳೆಯನ್ನೂ ಮುಚ್ಚುವ ವೇಳೆಯನ್ನೂ ಬಲ್ಲವನೇ ಭಕ್ತನು. ಆ ಅರಿವು ಮನೆಯ ಕದಕ್ಕೂ ಕಾವಲಾಗಿ ನಿಲ್ಲಲಿ.